ನೀರು ತಳ್ಳುವ ಸೀನು

ನನ್ನ ಕೈಗುಣ ಚಲೋ ಎಂದು ಮೊದಲು ಹೇಳಿದವರು ಯಾರೋ ನೆನಪಿಲ್ಲ. ಸಿಕ್ಕರೆ ಅವರ ಜೊತೆ ಎರಡು ಮಾತು ಆಡುವುದಿದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯ ಒಂದು ಊರಿನ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ. ಡಾಕ್ಟರು ವಾರಕ್ಕೆ ಎರಡೇ ದಿನ ಬರುತ್ತಿದ್ದರು. ಅವರಿಲ್ಲದಾಗ ಕೆಂಪು ಔಷಧಿ, ಬಿಳಿ ಔಷಧಿ, ಗಾಯದ ಪಟ್ಟಿ, ಸೂಜಿ ಎಲ್ಲ ನನ್ನ ತಲೆಗೇ. ಅವರಿದ್ದ ದಿನವೂ ಜನ ಅವರಿಗೆ ನಾಲಗೆ ತೋರಿಸಿ, ಸೂಜಿಗೆ ಮಾತ್ರ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದರು. "ಕಂಪೌಂಡ್ರು ಹಾಕಿದ್ರ ಗೊತ್ತಽ ಆಗಂಗಿಲ್ರಿ, ಕೈಗುಣ ಐತಿ" ಎನ್ನುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು.

ಕೈಗುಣ ಎಂದರೆ ಕಲಿತು ಬರುವ ವಿದ್ಯೆಯಲ್ಲ. ಒಬ್ಬಳು ಹಾಕಿದ ಉಪ್ಪಿನಕಾಯಿ ವರ್ಷ ಕಳೆದರೂ ಕೆಡುವುದಿಲ್ಲ, ಅದೇ ಉಪ್ಪು ಅದೇ ಖಾರ ಹಾಕಿದ ಪಕ್ಕದ ಮನೆಯವಳದ್ದು ತಿಂಗಳೊಳಗೆ ಬೂಷ್ಟು ಹಿಡಿಯುತ್ತದೆ. ಯಾಕೆ ಅಂದರೆ ಕೈಗುಣ, ಅಷ್ಟೇ. ಇದ್ದರೆ ಇತ್ತು, ಹೋದರೆ ಹೋಯಿತು. ಯಾವಾಗ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ. ನನ್ನಂಥ ಪುಕ್ಕಲನಿಗೆ ಇಂಥದ್ದೊಂದನ್ನು ಕೊಟ್ಟರೆ ನಿದ್ದೆ ಹತ್ತೀತೇ?

ಆ ಕೈಯಾದರೂ ಒಂದೇ ಕೆಲಸ ಮಾಡಿಕೊಂಡು ಸುಮ್ಮನಿತ್ತೇ, ಅದೂ ಇಲ್ಲ. ಭಾನುವಾರ ಕೊಟ್ಟೂರಿಗೆ ಹೋಗಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಸೋಮವಾರ ಸಂಜೆ ಊರಿನ ಭಜನೆಗೆ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದೆ. ಉಳಿದ ಹೊತ್ತಿನಲ್ಲಿ ಊರ ಗಂಡಸರಿಗೆ ನಾಟಕ ಕಲಿಸುತ್ತಿದ್ದೆ. ಹಾಗಾಗಿ ದವಾಖಾನೆಯಲ್ಲಿ ಕಂಪೌಂಡ್ರು, ಕೊಟ್ಟೂರಿನಲ್ಲಿ ಪೇಂಟ್ರು, ನಾಟಕದ ತಾಲೀಮಿನಲ್ಲಿ ಮಾಸ್ತರು. "ಮೂರು ಮಂದಿನ ಮಾಡಿಕೊಂಡಂಗ ಆಗೇತಿ ನನಗ" ಎಂದು ನನ್ನ ಹೆಂಡತಿ ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದಳು. "ಒಬ್ಬರೂ ಮನ್ಯಾಗ ಇರಂಗಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಏನೋ ಹರಿದು ಬರುತ್ತಿತ್ತು, ಅದು ಅವಳಿಗೆ ಕಾಣುತ್ತಿರಲಿಲ್ಲ. ದವಾಖಾನೆಗೆ ಬಂದ ಮುದುಕಿಯೊಬ್ಬಳು "ಎದಿಯಾಗ ಯಾರೋ ಕುಂತು ಜ್ವಾಳ ಬೀಸಿದಂಗ ಆಗತೈತ್ರಿ" ಎನ್ನುವಳು. ಅಂಥ ಮಾತನ್ನು ನಾನು ಕೂತು ಯೋಚಿಸಿದರೆ ಹುಟ್ಟಿಸಲಾರೆ. ಸೂಜಿ ಹಾಕಿ ಕಳಿಸಿದವನೇ ಖಾಲಿ ಔಷಧಿ ಡಬ್ಬಿಯ ರಟ್ಟಿನ ಮೇಲೆ ಗೀಚಿ ಇಟ್ಟುಕೊಳ್ಳುತ್ತಿದ್ದೆ. ಬೋರ್ಡು ಬರೆದು ಬರೆದು, ಅಕ್ಷರ ಎದ್ದು ಕಾಣಬೇಕಾದರೆ ಸುತ್ತ ಎಷ್ಟು ಜಾಗ ಖಾಲಿ ಬಿಡಬೇಕು ಎಂದು ತಿಳಿದಿತ್ತು. ನಾಟಕದ ಮಾತಿಗೂ ಅದೇ ಲೆಕ್ಕ. ಪೇಟಿಯಂತೂ ಬೆರಳು ಯಾವಾಗ ಎತ್ತಬೇಕೆಂದು ಕಲಿಸಿತ್ತು.

ಹಾಗಂತ ನೆಮ್ಮದಿಯಿತ್ತೇ? ಅಯ್ಯೋ, ಎಲ್ಲಿಯ ನೆಮ್ಮದಿ! ತಲೆಯೊಳಗೆ ನಾಟಕದ ಮಾತು ಓಡುತ್ತಿರುವಾಗ ಕೈ ಯಾವ ಬಾಟಲಿ ಎತ್ತುತ್ತಿದೆಯೋ ಎಂಬ ಹೆದರಿಕೆ. ಔಷಧಿ ಕೊಟ್ಟು ಕಳಿಸಿದ ಮೇಲೂ ಚಪ್ಪಲಿ ಮೆಟ್ಟಿಕೊಂಡು ರಸ್ತೆವರೆಗೆ ಓಡಿ, "ನಿಲ್ಲಬೇ, ತೋರಸು ಬಾಟ್ಲಿ" ಎಂದು ಮೂಸಿ ನೋಡಿ ಬರುತ್ತಿದ್ದೆ. ಜನ ಇದನ್ನೂ ನನ್ನ ಕಾಳಜಿ ಎಂದೇ ತಿಳಿದರು.

ಅದುವರೆಗೆ ಊರಿನವರು ಆಡುತ್ತಿದ್ದದ್ದು ಅಚ್ಚಾದ ಹಳೆಯ ನಾಟಕಗಳು. ಆ ವರ್ಷ ಬಸವ ಜಯಂತಿಗೆ ನಾನೇ ಒಂದು ಬರೆದೆ. ಅಣ್ಣ ತಮ್ಮಂದಿರ ಕಥೆ. ಅಣ್ಣ ವರ್ಷಗಟ್ಟಲೆ ಬಂಡೆ ಒಡೆದು ಬಾವಿ ತೋಡುತ್ತಾನೆ. ನೀರು ಬಿದ್ದ ದಿನವೇ ತಮ್ಮ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡಿರುತ್ತಾನೆ. ಕೊನೆಯಲ್ಲಿ ಅಣ್ಣ ಹಾಸಿಗೆ ಹಿಡಿದಾಗ ತಮ್ಮ ಅದೇ ಬಾವಿಯ ನೀರನ್ನು ತಂಬಿಗೆಯಲ್ಲಿ ತಂದು ಬಾಯಿಗೆ ಹಿಡಿಯುತ್ತಾನೆ. ಅಣ್ಣ ತಂಬಿಗೆ ತಳ್ಳಿ ಪ್ರಾಣ ಬಿಡುತ್ತಾನೆ. ತಾಲೀಮಿನಲ್ಲಿ ಎಲ್ಲರೂ ಅದನ್ನು 'ನೀರು ತಳ್ಳುವ ಸೀನು' ಎಂದೇ ಕರೆಯುತ್ತಿದ್ದರು. ನಾನು ಬರೆದದ್ದರಲ್ಲಿ ನನಗೇ ಮೈ ಜುಮ್ಮೆಂದದ್ದು ಅದೊಂದೇ.

ಅಣ್ಣನ ಪಾತ್ರ ಮಾಡಿದವನು ಮೂವತ್ತರ ಆಸುಪಾಸಿನ ರೈತ. ಹೊಲದ ಜೊತೆಗೆ ಕುರಿ ಹಿಂಡೂ ಇತ್ತು. ಎತ್ತರದ ಆಳು, ಕಂಚಿನ ಕಂಠ. ಅಕ್ಷರ ಬಾರದು. ನಾನು ಎರಡು ಮೂರು ಸಲ ಹೇಳಿದರೆ ಸಾಕು, ಮಾತು ಅವನ ಬಾಯಲ್ಲಿ ಕೂತುಬಿಡುತ್ತಿತ್ತು. ಮೊದಲ ಸಲ ಅವನು ಗುಡಿಯ ಪಡಸಾಲೆಯಲ್ಲಿ ತಂಬಿಗೆ ತಳ್ಳಿ ಕುತ್ತಿಗೆ ವಾಲಿಸಿದಾಗ ನೋಡಲು ಬಂದಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನ ಹೆಂಡತಿ ಮಾತ್ರ ಕೂಸನ್ನು ಎತ್ತಿಕೊಂಡು ಎದ್ದು ನಿಂತಳು. "ಇಂಥಾವ್ಯಾಕ ಬರೀತೀರಿ ಮಾಸ್ತರ? ಬರಿಯಾಕ ಬ್ಯಾರೆ ಇರಲಿಲ್ಲೇನು?" ಎಂದು ಮುಖ ತಿರುವಿಕೊಂಡು ಹೊರಟೇ ಹೋದಳು. ನಾನು ನಕ್ಕೆ.

ಸಂಕ್ರಾಂತಿ ಆದ ವಾರವೇ ಒಂದು ನಾಯಿ ಅವನ ಕುರಿ ಹಟ್ಟಿಗೆ ನುಗ್ಗಿತು. ಒಂದು ಕುರಿಯನ್ನು ಕಚ್ಚಿತು, ಬಿಡಿಸಲು ಹೋದ ಇವನ ಮೀನಖಂಡಕ್ಕೆ ಬಾಯಿ ಹಾಕಿತು, ಕೂಡ್ಲಿಗಿ ರಸ್ತೆ ಹಿಡಿದು ಓಡಿತು. ಆಮೇಲೆ ಆ ನಾಯಿಯನ್ನು ಕಂಡವರಿಲ್ಲ. ಅದು ಹುಚ್ಚುನಾಯಿಯೋ ಬರೀ ಹಸಿದ ನಾಯಿಯೋ ತಿಳಿಯುವಂತಿರಲಿಲ್ಲ. ಅವನು ಗಾಯಕ್ಕೆ ಖಾರದ ಪುಡಿ ತುಂಬಿಕೊಂಡು ದವಾಖಾನೆಗೆ ಬಂದ. ಜೊತೆಗೆ ಅವನ ತಾಯಿ. ನಾನು ಬೈಯುತ್ತಲೇ ಸಾಬೂನು ಹಚ್ಚಿ ತೊಳೆದೆ. ಹಡಗಲಿಯ ದೊಡ್ಡ ಆಸ್ಪತ್ರೆಯಿಂದ ಔಷಧಿ ತರಿಸುತ್ತೇವೆ, ಹೊಕ್ಕಳ ಸುತ್ತ ದಿನಕ್ಕೊಂದು ಸೂಜಿ ಹಾಕಿಸಿಕೊಳ್ಳಬೇಕು ಎಂದೆ. ತಾಯಿ ಮಗನ ಮುಂದೆ ಬಂದು ನಿಂತಳು.

"ನಿಮ ಕೈಲೆ ಬ್ಯಾಡ್ರಿ ಕಂಪೌಂಡ್ರ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಯಾಕಬೇ? ನಿನ್ನ ಮನಿ ಮಂದಿಗೆಲ್ಲಾ ಈ ಕೈಲೇ ಹಾಕೀನಲ್ಲ?"

"ಆವಾಗಿಂದು ಆವಾಗ. ನೀರು ತಳ್ಳಿ ಸಾಯ್ತಾನಂತ ನೀವಽ ಬರದೀರಿ. ಬರದ ಮ್ಯಾಲ ನಾಯಿ ಬಂತು."

ನನಗೆ ನೆತ್ತಿಗೇರಿತು. "ಅದು ನಾಟಕ ಐತಬೇ! ಸಾಯೋದು ಪಾತ್ರ, ನಿನ ಮಗ ಅಲ್ಲ!"

"ಪಾತ್ರ ಯಾರು ಮಾಡ್ಯಾರ?"

"ಇವನಽ."

"ಮತ್ತ?" ಎಂದಳು.

ಹುಚ್ಚುನಾಯಿ ಕಚ್ಚಿದವರು ಕೊನೆಗೆ ನೀರು ಕಂಡರೆ ಬೆದರಿ ತಳ್ಳಿ ಸಾಯುತ್ತಾರೆ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನಾನು ಬರೆಯುವಾಗ ನಾಯಿಯ ವಿಷಯ ತಲೆಯಲ್ಲಿರಲಿಲ್ಲ, ದೇವರಾಣೆಗೂ ಇರಲಿಲ್ಲ. ಆದರೆ ಬರೆದದ್ದು ಮಾತ್ರ ಅದೇ ಆಗಿತ್ತು.

ಹಾಗಾದರೆ ಹಡಗಲಿಗೇ ಹೋಗಿ, ಬೇರೆಯವರ ಕೈಯಿಂದ ಹಾಕಿಸಿಕೋ ಎಂದೆ. ಅಷ್ಟು ಹೊತ್ತು ಸುಮ್ಮನಿದ್ದ ಅವನು ಆಗ ಬಾಯಿಬಿಟ್ಟ. "ಬ್ಯಾರೇದವ್ರು ಹಾಕಿದ್ರ ಏನ್ ಬಂತ್ರಿ? ಬರದಿದ್ದು ಅಲ್ಲೇ ಇರತೈತಿ. ನೀವು ಬರದ ಕೈಲೇ ಅದನ್ನ ಹೊಡದು ಹಾಕ್ರಿ. ಅದಽ ಕೈಲೇ ಸೂಜಿ ಹಾಕ್ರಿ. ಆವಾಗ ಹಾಕಿಸ್ಕೊಂತೀನಿ." ಇಷ್ಟು ಹೇಳಿ ಕುಂಟುತ್ತಾ ತಾಯಿಯ ಹಿಂದೆ ನಡೆದುಬಿಟ್ಟ.

ಅವತ್ತು ನಾನು ಕೂಗಾಡಿದ್ದಕ್ಕೆ ಲೆಕ್ಕವಿಲ್ಲ. ಇವರ ಮೌಢ್ಯಕ್ಕೆ ನನ್ನ ಸೀನು ಬಲಿಯೇ, ಒಂದು ಅಕ್ಷರ ತೆಗೆಯುವುದಿಲ್ಲ, ನಾಳೆ ತಾನೇ ಬರುತ್ತಾನೆ ನೋಡು ಎಂದು ಮನೆಯಲ್ಲಿ ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬರದಿದ್ರ?" ಎಂದಳು. ಮರುದಿನ ಅವನು ಬರಲಿಲ್ಲ. ಅದರ ಮರುದಿನ ಡಾಕ್ಟರು ಬಂದು ಎಲ್ಲ ಕೇಳಿದರು. ಹರಪನಹಳ್ಳಿಯವರು ಅವರು, ಸದಾ ನಗುವ ಮನುಷ್ಯ. ಅವತ್ತು ನಗಲಿಲ್ಲ. "ಏನ್ರೀ, ಹುಚ್ಚು ಏರಿತು ಅಂದ್ರೆ ಆಮೇಲೆ ನನ್ನ ಕೈಲೂ ಆಗಲ್ಲ, ನಿಮ್ಮ ಕೈಲೂ ಆಗಲ್ಲ. ಸೀನು ಇನ್ನೊಂದು ಬರ್ಕೋಬಹುದಪ್ಪ" ಎಂದರು.

ಅವರಿಗೇನು, ಸೀನು ಬರೆದವರಲ್ಲ. ಆದರೆ ಅವರು ಹೇಳಿದ್ದು ಖರೆ. ಒಂದು ಕಾಪಿ ಮನೆಯಲ್ಲಿ ಬಚ್ಚಿಟ್ಟು, ಅವರ ಮುಂದೆ ಇನ್ನೊಂದನ್ನು ಹೊಡೆದು ಹಾಕಿದರೆ ಹೇಗೆ ಎಂಬ ಯೋಚನೆ ಬಂತು. ಬಂದದ್ದು ಹೌದು, ಮಾಡುವ ಧೈರ್ಯ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಆಗ ಯೋಚಿಸುವ ಗೋಜಿಗೂ ಹೋಗಲಿಲ್ಲ.

ಹೊಡೆದು ಹಾಕುತ್ತೇನೆ ಎಂದು ಹೇಳಿ ಕಳಿಸಿದೆ. ಅವತ್ತೇ ಸಂಜೆ ಗುಡಿಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಅವನ ತಾಯಿ, ಹೆಂಡತಿ, ತಮ್ಮನ ಪಾತ್ರದವನು, ಉಳಿದ ನಟರು. ನಾನು ಹಾಳೆಗಳನ್ನು ಹರವಿಕೊಂಡು ಪೆನ್ನು ತೆಗೆದೆ. ಅಡ್ಡಗೆರೆ ಎಳೆಯಲು ಹೋದರೆ ಅವನು ನನ್ನ ಮಣಿಕಟ್ಟು ಹಿಡಿದ.

"ಅಲ್ಲೇನೈತಿ, ಓದ್ರಿ. ಓದಿ ಹೊಡೀರಿ. ನನಗೇನ್ ಗೊತ್ತಾಗಬೇಕು?"

ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು, ಓದಿ ಗೀಟು ಹಾಕಬೇಕು. ಓದಿದೆ. ನನ್ನ ದನಿಯ ಹಿಂದೆಯೇ ಅವನ ತುಟಿಯೂ ಅಲ್ಲಾಡುತ್ತಿತ್ತು. ಎಲ್ಲ ಅವನಿಗೆ ಬಾಯಿಪಾಠ. ನಡುವೆ ಎಲ್ಲೋ ಅವನ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಅವನದು ಯಾವುದಕ್ಕೆ, ನನ್ನದು ಯಾವುದಕ್ಕೆ ಎಂದು ಕೇಳಿದರೆ ನಾನು ಹೇಳಲಾರೆ. ಕೊನೆಗೆ ಕಂಸದೊಳಗೆ ಬರೆದ ಸಾಲು ಬಂತು: ತಂಬಿಗೆಯನ್ನು ತಳ್ಳುತ್ತಾನೆ. ಅದು ಮಾತಲ್ಲ, ಮಾಡುವ ಕ್ರಿಯೆ. ಅದೂ ಬರವಣಿಗೆಯಲ್ಲಿ ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬೆಚ್ಚಿಬಿದ್ದ. "ಅದನ್ನ ಎರಡ ಸಲ ಹೊಡೀರಿ" ಎಂದ. ಹಾಳೆ ಹರಿಯುವ ಹಾಗೆ ಹೊಡೆದೆ.

ಹೊಸ ಕೊನೆಯನ್ನು ಅಲ್ಲೇ ಕೂತು ಬರೆದೆ. ಅಣ್ಣ ನೀರು ಕುಡಿಯುತ್ತಾನೆ, ತಮ್ಮ ಕಾಲಿಗೆ ಬೀಳುತ್ತಾನೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅದನ್ನು ಎರಡನೇ ಸಲ ಓದದೆ ಹಾಳೆ ಮಡಚಿದೆ. ಅವನು ಮಾತ್ರ ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದ.

ಇನ್ನು ನನ್ನ ಪಾಡು ಶುರುವಾಯಿತು. ಮಂಜುಗಡ್ಡೆ ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿ ಔಷಧಿ ಇಟ್ಟು, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಡಗಲಿಯಿಂದ ಬಸ್ಸಿನಲ್ಲಿ ನಾನೇ ತರುತ್ತಿದ್ದೆ. ಬಸ್ಸು ಕೆಟ್ಟರೆ, ಮಂಜು ಕರಗಿದರೆ, ಔಷಧಿ ಹಾಳಾದರೆ! ಡ್ರೈವರು ಚಹಾಕ್ಕೆ ನಿಲ್ಲಿಸಿದರೆ ಅವನ ಮೇಲೆ ಜಗಳಕ್ಕೆ ಹೋಗುತ್ತಿದ್ದೆ. ಇತ್ತ ಅಣ್ಣನ ಪಾತ್ರದವನ ಹೊಟ್ಟೆ ಊದಿ ಕೆಂಪಾಯಿತು. ಸೂಜಿ ಚುಚ್ಚಲು ಜಾಗ ಹುಡುಕುವಾಗ ನನ್ನ ಬೆರಳು ನಡುಗುತ್ತಿತ್ತು. "ಯಾಕ್ರೀ ಇವತ್ತು ನೋಯತೈತಿ?" ಎಂದು ಅವನು ಒಮ್ಮೆ ಕೇಳಿಬಿಟ್ಟ. ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವನ ತಾಯಿ ಮರುದಿನ ಮೈಲಾರದ ಭಂಡಾರ ತಂದಳು. ಆ ಅರಿಶಿನವನ್ನು ಮಗನ ಹಣೆಗೆ ಹಚ್ಚುತ್ತಾಳೆ ಎಂದುಕೊಂಡರೆ, ನನ್ನ ಬಲಗೈ ಹಿಡಿದು ಮೊಣಕೈವರೆಗೆ ಬಳಿದಳು.

ಸೂಜಿಗಳು ಮುಗಿದವು. ಭಯ ಮುಗಿಯಲಿಲ್ಲ. ಎರಡು ದಿನ ತಡವಾಗಿದೆಯಲ್ಲ, ಆ ಎರಡು ದಿನದಲ್ಲಿ ವಿಷ ಎಲ್ಲಿಗೆ ಮುಟ್ಟಿತೋ? ಅದು ತಿಂಗಳುಗಟ್ಟಲೆ ಮೈಯಲ್ಲಿ ಅಡಗಿ ಕೂತು ಆಮೇಲೆ ಏಳಬಹುದು ಎಂದು ನನಗೆ ಗೊತ್ತಿತ್ತು. ಗೊತ್ತಿರುವುದೇ ಶನಿಯಾಯಿತು. ಅವನು ಎಲ್ಲಿ ಕಂಡರೂ ಕರೆದು ನೀರು ಕೊಡುತ್ತಿದ್ದೆ. ಬಿಸಿಲು ಜೋರು, ಕುಡಿ. ದೂರದಿಂದ ಬಂದೀಯ, ಕುಡಿ. ಅವನು ಲೋಟ ಎತ್ತುವುದನ್ನೂ ಗಂಟಲು ಇಳಿಯುವುದನ್ನೂ ಕಣ್ಣಿಟ್ಟು ನೋಡುತ್ತಿದ್ದೆ. "ಏನ್ರೀ ಇದು, ಎಮ್ಮಿಗೆ ಕುಡಿಸಿದಂಗ ಕುಡಸ್ತೀರಿ!" ಎಂದು ನಗುತ್ತಿದ್ದ.

ಯುಗಾದಿಯ ಹೊತ್ತಿಗೆ ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ವ್ಯಾಪಾರಿ ಅರವಟಿಗೆ ಇಡಿಸಿದ. ದಾರಿಹೋಕರಿಗೆ ಗಡಿಗೆಯಲ್ಲಿ ತಣ್ಣೀರು. 'ಕುಡಿಯುವ ನೀರು' ಎಂದು ಬೋರ್ಡು ಬರೆದುಕೊಡಲು ಹೇಳಿದ. ಎರಡೇ ಪದ. 'ಕುಡಿಯುವ' ಚೆನ್ನಾಗಿಯೇ ಬಂತು. 'ನೀ' ಬರೆದು ನಿಂತೆ. ಕುಂಚದ ತುದಿಯ ಬಣ್ಣ ಒಣಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಬರೆದ 'ರು' ಕೆಳಗೆ ಜಾರಿದ ಹಾಗೆ ಸೊಟ್ಟಗಾಯಿತು. "ಏನ್ ಪೇಂಟ್ರ, ಮುಂಜಾನೆನಽ ಹಾಕೀರೇನು?" ಎಂದು ವ್ಯಾಪಾರಿ ಹಂಗಿಸಿದ. ನಾನು ಕೂಲಿಯನ್ನೂ ಕೇಳದೆ ಬಸ್ಸು ಹತ್ತಿದೆ.

ಅವತ್ತು ಊರಿಗೆ ಬಂದು ಬಸ್ಸಿಳಿದರೆ ಸುದ್ದಿ ಕಾದಿತ್ತು. ನಾಯಿ ಕಚ್ಚಿದ ಆ ಕುರಿ ಜೊಲ್ಲು ಸುರಿಸುತ್ತಾ, ನೀರಿನ ಬಾನಿ ಮುಟ್ಟದೆ, ಗೋಡೆಗೆ ಹಾಯ್ದು ಸತ್ತಿತ್ತು. ಹಾಗಾದರೆ ಅದು ಹುಚ್ಚುನಾಯಿಯೇ. ಅವನ ಮನೆಗೆ ಓಡಿದೆ. ಅವನು ಕುರಿಯನ್ನು ಆಳವಾಗಿ ಹೂತು ಬಂದು ಕೈಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡವನೇ, ನಾನು ಕೇಳುವ ಮೊದಲೇ, ಕೊಡದಿಂದ ಬೊಗಸೆಯಲ್ಲಿ ನೀರೆತ್ತಿ ಕುಡಿದು ತೋರಿಸಿದ.

ಅಲ್ಲಿಂದ ಮುಂದೆ ನಾನು ಏನನ್ನೂ ಬರೆಯಲಿಲ್ಲ. ಔಷಧಿ ಚೀಟಿಯ ಮೇಲೆ 'ದಿನಕ್ಕೆ ಮೂರು ಸಲ' ಎನ್ನುವುದನ್ನು ಬಿಟ್ಟರೆ ಪೆನ್ನು ಮುಟ್ಟಲಿಲ್ಲ. ರೋಗಿಗಳು ಎಂಥ ಒಳ್ಳೆಯ ಮಾತಾಡಿದರೂ ರಟ್ಟಿನ ಮೇಲೆ ಗೀಚುವ ಕೈ ಮೇಲೇಳುತ್ತಿರಲಿಲ್ಲ. ತಾಲೀಮಿನಲ್ಲಿ ಪೇಟಿ ಒತ್ತುತ್ತಿದ್ದೆ, ಅಷ್ಟೇ. "ಈಗ ಒಬ್ಬರಾದ್ರೂ ಮನ್ಯಾಗ ಅದಾರ" ಎಂದು ಹೆಂಡತಿ ಹೇಳಿದಳು. ಖುಷಿಯಿಂದ ಹೇಳಲಿಲ್ಲ.

ಬಸವ ಜಯಂತಿ ಹತ್ತಿರ ಬಂತು. ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಅವನು ದವಾಖಾನೆಗೆ ಬಂದ. ಜ್ವರವೇ, ತಲೆನೋವೇ ಎಂದು ಬಾಗಿಲಲ್ಲೇ ವಿಚಾರಿಸಿದೆ. ಅವನು ಬೆಂಚಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಆ ಸೀನು ನನಗ ವಾಪಸ್ ಕೊಡ್ರಿ ಮಾಸ್ತರ."

"ಯಾವ ಸೀನೋ?"

"ನೀರು ತಳ್ಳೋದು. ಈಗಿಂದು ಸುಳ್ಳೈತ್ರಿ. ಅಷ್ಟು ಮೋಸ ಮಾಡಿದವನ ನೀರು ಯಾರ್ ಕುಡೀತಾರ? ದಿನಾ ತಾಲೀಮಿನ್ಯಾಗ ಕುಡೀವಾಗ ನನಗಽ ನಾಚಿಕಿ ಬರತೈತಿ."

"ಆಗಂಗಿಲ್ಲ. ಹೊಡದು ಹಾಕೀನಿ, ಮುಗೀತು."

"ಮತ್ತ ಬರೀರಿ."

"ನಿನಗ ತಲಿ ಕೆಟ್ಟೈತೇನಲೇ?" ನಾನು ಚೀರಿದೆ. "ಅವತ್ತು ನೀನಽ ಹೆದರಿ ಹೊಡಿಸಿದಿ. ನಿಮ್ಮವ್ವ ಏನಂದಾಳು?"

"ಅವ್ವಗ ಹೇಳಽ ಬಂದೀನಿ. ನಾನು ಸೂಜಿ ಹಾಕಿಸ್ಕೊಂಡಾತಲ್ರಿ, ನನಗೇನೂ ಆಗಂಗಿಲ್ಲ." ನನ್ನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದ, "ಈಗ ನಿಮಗ ಹತ್ತೇತೇನು ಹೆದ್ರಿಕಿ?"

ನಾನು ಮೇಜಿನ ಮೇಲಿನ ಬಾಟಲಿಗಳನ್ನು ಜೋಡಿಸತೊಡಗಿದೆ. ಅವನು ಗಡಿಗೆಯಿಂದ ಒಂದು ಲೋಟ ನೀರು ತಂದು ನನ್ನ ಕೈಯಲ್ಲಿಟ್ಟ. ತಮ್ಮನ ಮಾತು ನೀವು ಹೇಳಿ ಎಂದು ಬೆಂಚಿನ ಮೇಲೆ ಮಲಗಿಬಿಟ್ಟ. ಯಾಕೆ ಹೇಳಿದೆನೋ, ಹೇಳಿದೆ. "ಅಣ್ಣಾ, ಒಂದೇ ಒಂದು ಗುಟುಕು." ಲೋಟ ಬಾಯಿಯ ಹತ್ತಿರ ಒಯ್ದೆ. ಅವನು ಒಂದು ಅಕ್ಷರ ಬಿಡದೆ ಎಲ್ಲ ಹೇಳಿದ. ಬಂಡೆ ಒಡೆದದ್ದು, ಕೈಯಲ್ಲಿ ಬೊಬ್ಬೆ ಎದ್ದದ್ದು, ಮೊದಲ ನೀರು ಕಂಡ ದಿನ ಕುಣಿದದ್ದು. ಆಮೇಲೆ ಕೈ ಬೀಸಿದ. ನೀರು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತು, ಲೋಟ ಉರುಳಿತು. ಅವನ ಕುತ್ತಿಗೆ ವಾಲಿತು.

ಅವನು ಏಳಲಿಲ್ಲ. ಉಸಿರು ಕಾಣಿಸಲಿಲ್ಲ. ನಾನು ಮಂಡಿಯೂರಿ ಅವನ ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ. ನನ್ನ ಬೆರಳೇ ಎಷ್ಟು ಅದುರುತ್ತಿತ್ತೆಂದರೆ ಅವನದು ಯಾವುದು, ನನ್ನದು ಯಾವುದು ಗೊತ್ತಾಗಲಿಲ್ಲ. "ಏಳಲೇ! ಏಳೋ ಮಾರಾಯಾ!" ಎಂದು ಭುಜ ಹಿಡಿದು ಅಲ್ಲಾಡಿಸಿದೆ.

"ಹೆಂಗಿತ್ರಿ?" ಎಂದ, ಕಣ್ಣು ಮುಚ್ಚಿಕೊಂಡೇ.

ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಅತ್ತೆ. ಅವನು ಎದ್ದು ಕೂತು, ನನ್ನ ಅಳು ನಿಲ್ಲುವವರೆಗೆ ಕಾದು, ಮೇಜಿನ ಮೇಲಿದ್ದ ಪೆನ್ನು ತಂದುಕೊಟ್ಟ. ಔಷಧಿ ಚೀಟಿಗಳ ಹಿಂಬದಿಯಲ್ಲಿ ಬರೆಯತೊಡಗಿದೆ. ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಕಂಸದ ಸಾಲು ಬಂದಾಗ ಕೈ ನಿಂತೇಬಿಟ್ಟಿತು. ಅವನು ನೋಡಿದ. ಹೋಗಿ ಲೋಟ ತೊಳೆದು, ತುಂಬಿಸಿಕೊಂಡು ಬಂದು ನನ್ನೆದುರು ನಿಂತ. ನಾನು ಆ ಸಾಲು ಬರೆದು ಮುಗಿಸುವವರೆಗೂ ಗುಟುಕು ಗುಟುಕಾಗಿ ಕುಡಿಯುತ್ತಲೇ ಇದ್ದ.